ಕಟ್ಲೆಟ್ಟಿನ ಕೆಳಗಿನ ಎಲೆ

ಈ ವಿಷಯ ಬರೆಯಬೇಕೆಂದು ಮೂರು ವಾರದಿಂದ ಕೂರುತ್ತಿದ್ದೇನೆ. ಮೊದಲ ವಾರ ಈ ಅಂಕಣದಲ್ಲಿ ಲೋಕಲ್ ಗಾಡಿಯ ಭಜನೆಯ ಬಗ್ಗೆ ಬರೆದೆ. ಎರಡನೆಯ ವಾರ ನಲ್ಲಿ ನೀರಿನ ಬಗ್ಗೆ. ಕಳೆದ ವಾರ ನನ್ನ ಮೊಣಕಾಲು ನೋವಿನ ಬಗ್ಗೆ. ಅದನ್ನು ಓದಿ ನಿಮ್ಮಲ್ಲಿ ಕೆಲವರು ಎಣ್ಣೆಯ ಹೆಸರು ಬರೆದು ಕಳುಹಿಸಿದ್ದೂ ಆಯಿತು. (ಉಪಕಾರವಾಯಿತು. ನೋವು ಹಾಗೇ ಇದೆ.) ನಿಜ ಹೇಳಬೇಕೆಂದರೆ ನಾನು ಮುಂದೂಡಿದ್ದು ಮೂರು ವಾರವಲ್ಲ, ಏಳು ವರ್ಷ.

ಒಂದು ಎಲೆ ಇದನ್ನು ಹೊರಗೆಳೆಯಿತು.

ಹೋದ ತಿಂಗಳ ಒಂದು ಭಾನುವಾರ. ಡೊಂಬಿವಲಿಯ ನಮ್ಮ ಮನೆಯ ಗ್ಯಾಲರಿಯಲ್ಲಿ ನಾನೇ ಬೆಳೆಸಿದ ಲೆಟ್ಯೂಸ್ ಮೊದಲ ಸಲ ತಟ್ಟೆಗೆ ಬಂತು. ಇಲ್ಲಿನ ಮಾರ್ಕೆಟ್ಟಿನಲ್ಲಿ ಸಲಾಡ್ ಪತ್ತಾ ಎನ್ನುತ್ತಾರಲ್ಲ, ಹಸಿಯಾಗಿಯೇ ತಿನ್ನುವ ತೆಳು ಸೊಪ್ಪು, ಅದೇ. ಹೆಂಡತಿ ಕಟ್ಲೆಟ್ ಮಾಡಿದ್ದಳು. ತಟ್ಟೆಗೊಂದು ಎಲೆ ಹಾಸಿ ಮೇಲೆ ಎರಡೆರಡು ಕಟ್ಲೆಟ್ ಇಟ್ಟಳು. ಆರು ವರ್ಷದ ಮೊಮ್ಮಗಳು ಕಟ್ಲೆಟ್ ತಿಂದು ಎಲೆಯನ್ನು ಪಕ್ಕಕ್ಕೆ ತಳ್ಳಿದಳು.

"ಪತ್ತಾ ನಕೋ, ಅಜ್ಜಾ." (ನಾವು ಕನ್ನಡದಲ್ಲಿ ಕೇಳುತ್ತೇವೆ, ಅವಳು ಮರಾಠಿಯಲ್ಲಿ ಬೇಡ ಎನ್ನುತ್ತಾಳೆ.)

ಆಗ ನಾನು ಏನು ಮಾಡಿದೆ ಗೊತ್ತೇ? ಆ ಎಲೆಯನ್ನು ಎತ್ತಿಕೊಂಡು ಹೋಗಿ ಸಿಂಕಿನಲ್ಲಿ ತೊಳೆದೆ. ನೀರು ಕೊಡವಿದೆ. ಆಗಷ್ಟೇ ಸ್ನಾನ ಮುಗಿಸಿ ಬಂದ ಮಗನ ತಟ್ಟೆಯಲ್ಲಿ ಅದನ್ನು ಹಾಸಿ, ಮೇಲೆ ಕಟ್ಲೆಟ್ ಇಟ್ಟೆ. ನಾನು ಮಾಡಿದ್ದಲ್ಲ, ಕೈ ತಾನಾಗಿ ಮಾಡಿತು.

"ಎಂತ ಮಾಡುದು ನೀವು?" ಹೆಂಡತಿ ಸಟ್ಟುಗ ಹಿಡಿದೇ ಕೇಳಿದಳು. "ಅದು ಮಗುವಿನ ಎಂಜಲಲ್ವಾ?"

"ತೊಳೆದಿದ್ದೇನಲ್ಲ."

"ತೊಳೆದ್ರೆ ಎಂಜಲು ಹೋಗ್ತದಾ? ಇಷ್ಟು ವರ್ಷ ಎಂಜಲು ಮುಸುರೆ ಅಂತ ನನ್ನ ತಲೆ ತಿಂದದ್ದು ಯಾರು?" ಆಮೇಲೆ ನಕ್ಕಳು. "ಹೋಟೆಲಲ್ಲೂ ಹೀಗೇ ಮಾಡ್ತಿದ್ರೋ ಎಂತದೋ."

ಅವಳು ತಮಾಷೆಗೆ ಅಂದದ್ದು. ಆದರೆ ಹೌದು, ಹಾಗೇ ಮಾಡುತ್ತಿದ್ದೆ.

ಥಾಣೆ ಸ್ಟೇಷನ್ನಿನ ಹತ್ತಿರ ನಮ್ಮೂರ ಕಡೆಯ ಧಣಿಗಳೊಬ್ಬರ ಹೋಟೆಲಿನಲ್ಲಿ ನಾನು ಇಪ್ಪತ್ತಾರು ವರ್ಷ ಸ್ಟೋರು ನೋಡಿಕೊಂಡವನೆಂದು ನಿಮಗೆ ಗೊತ್ತು. ಆ ಹೋಟೆಲಿನ ಎಷ್ಟೋ ಕಥೆಗಳನ್ನು ಇಲ್ಲಿ ಬರೆದಿದ್ದೇನೆ. ಎಲ್ಲದರಲ್ಲೂ ನಾನು ಒಳ್ಳೆಯವನೇ. (ಬರೆಯುವವನು ತಾನೇ ಆದಾಗ ಅದೇನು ದೊಡ್ಡ ಕಷ್ಟವಲ್ಲ.)

ಕೊನೆಯ ವರ್ಷಗಳಲ್ಲಿ ಧಣಿಗಳು ಹೋಟೆಲನ್ನು ರಿಪೇರಿ ಮಾಡಿಸಿ, ಫ್ಯಾಮಿಲಿ ರೂಮ್ ಮಾಡಿ, ಹೊಸ ಮೆನು ಕಾರ್ಡ್ ತಂದರು. ಕಟ್ಲೆಟ್ಟಿನ ಕೆಳಗೆ ಸಲಾಡ್ ಪತ್ತಾ ಬಂತು. ಅಂದಕ್ಕೆ, ಅಷ್ಟೇ. ಇಡ್ಲಿ ವಡೆ ತಿಂದು ಬೆಳೆದ ಗಿರಾಕಿಗಳು ಅದನ್ನು ಮುಟ್ಟುತ್ತಲೇ ಇರಲಿಲ್ಲ. ಹೋದ ಎಲೆ ಹೋದ ಹಾಗೆಯೇ ವಾಪಸು ಬರುತ್ತಿತ್ತು. ಚೆನ್ನಾಗಿರುವುದನ್ನು ನಾನು ತೆಗೆದಿಡುತ್ತಿದ್ದೆ. ತಣ್ಣೀರಿನಲ್ಲಿ ಹತ್ತು ನಿಮಿಷ ಹಾಕಿದರೆ ಸಲಾಡ್ ಪತ್ತಾ ಮತ್ತೆ ಗರಿಗರಿಯಾಗಿ ನಿಲ್ಲುತ್ತದೆ. ಒಂದೇ ಎಲೆ ಸಂಜೆಯೊಳಗೆ ಮೂರು ನಾಲ್ಕು ಮೇಜು ಸುತ್ತುತ್ತಿತ್ತು. ಯಾರೂ ತಿನ್ನುವುದಿಲ್ಲವಲ್ಲ, ತಪ್ಪೇನು? ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. "ನಿಮ್ಮ ಕೈಯಲ್ಲಿ ಕೊತ್ತಂಬರಿ ಕಡ್ಡಿಯೂ ಹಾಳಾಗುವುದಿಲ್ಲ ಮಾರಾಯ್ರೆ," ಎಂದು ಧಣಿಗಳು ಹೊಗಳುತ್ತಿದ್ದರು. ಆ ಹೊಗಳಿಕೆ ನನಗೆ ಬೇಕಿತ್ತು.

ಎಲೆ ತರುತ್ತಿದ್ದವಳು ಕಲಬುರ್ಗಿ ಕಡೆಯ ಒಬ್ಬ ಹೆಂಗಸು. ಥಾಣೆಯ ಮುಂದಿನ ಕಳವಾ ಸ್ಟೇಷನ್ನಿನ ಹತ್ತಿರ ಯಾರದೋ ಜಾಗದ ಒಂದು ತುಂಡಿನಲ್ಲಿ ಬೆಳೆದು, ಒದ್ದೆ ಗೋಣಿಯಲ್ಲಿ ಸುತ್ತಿ, ದಿನ ಬಿಟ್ಟು ದಿನ ಬೆಳಗಿನ ಗಾಡಿಗೆ ಬರುತ್ತಿದ್ದಳು. ಆ ರಸ್ತೆಯ ಹೋಟೆಲುಗಳಿಗೆಲ್ಲ ಆಕೆಯದೇ ಎಲೆ. ನಮ್ಮಲ್ಲಿ ಎಲ್ಲರೂ ಆಕೆಯನ್ನು ಕರೆಯುತ್ತಿದ್ದದ್ದು ಪತ್ತಾವಾಲಿ ಎಂದು.

ಒಮ್ಮೆ ಆಕೆ ಕರೆದಳೆಂದು ಆ ಜಾಗ ನೋಡಲು ಹೋಗಿದ್ದೆ. ಕಲ್ಲು ಕಟ್ಟಿದ ಬಾವಿ. ಹಗ್ಗ ಹಾಕಿ ಸೇದಿ, ಚೊಂಬು ತೊಳೆದು ನೀರು ಕೊಟ್ಟಳು. ಕುಡಿದೆ. ಬಿತ್ತನೆ ಮಾಡುತ್ತಾ ನನಗೂ ಹೇಳಿಕೊಟ್ಟಳು: "ಇದರ ಮ್ಯಾಲ ಮಣ್ಣ ಮುಚ್ಚಬಾರದ್ರಿ ಅಣ್ಣಾರ. ಅಂಗೈಲೆ ಒತ್ತಿ ಬಿಟ್ಟುಬಿಡದು. ಬೆಳಕ ಕಾಣದಿದ್ರ ಹುಟ್ಟಂಗಿಲ್ಲ ಇದು." ನಾನು ತಲೆಯಾಡಿಸಿದೆ. ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೇಕೆ ಬೇಕು ಆಗ ಬಿತ್ತನೆ?

ಒಂದು ಭಾನುವಾರ ಫ್ಯಾಮಿಲಿ ರೂಮಿಗೆ ಬಂದ ಪುಟ್ಟ ಹುಡುಗಿಯೊಬ್ಬಳು ಎಲೆಯನ್ನು ತಿಂದುಬಿಟ್ಟಳು. ಪೂರ್ತಿ ತಿಂದಳು. ಮರುದಿನ ಅವಳ ಅಪ್ಪ ಗಲ್ಲಾದ ಮುಂದೆ ಬಂದು ನಿಂತರು. ನಮ್ಮ ಕಾಯಂ ಗಿರಾಕಿ, ಮರಾಠಿಯವರು, ಬ್ಯಾಂಕಿನಲ್ಲಿದ್ದವರು. ಕೂಗಾಡಲಿಲ್ಲ. ಮಗುವಿಗೆ ವಾಂತಿ ನಿಲ್ಲುತ್ತಿಲ್ಲ, ಡಾಕ್ಟರು ಏನು ತಿಂದಳೆಂದು ಕೇಳುತ್ತಿದ್ದಾರೆ, ಆ ಎಲೆ ಎಲ್ಲಿಯದು, ಎಂದು ಮಾತ್ರ ಕೇಳಿದರು.

ಧಣಿಗಳು ನನ್ನ ಮುಖ ನೋಡಿದರು.

ಆ ಎಲೆ ಎಷ್ಟು ಮೇಜು ಸುತ್ತಿ ಬಂದದ್ದೆಂದು ಗೊತ್ತಿದ್ದದ್ದು ನನಗೊಬ್ಬನಿಗೆ. ಉಸಿರು ಬಿಡದೆ ಹೇಳಿದೆ: "ಆ ಹೆಂಗಸು ಮೋಸ ಮಾಡಿದ್ದಾಳೆ. ಟ್ರ್ಯಾಕಿನ ಬದಿಯಲ್ಲಿ ಗಟಾರದ ನೀರಿಗೆ ಬೆಳೆದದ್ದು."

"ನೀವು ಕಣ್ಣಾರೆ ನೋಡಿದ್ದೀರಾ?" ಧಣಿಗಳು ಕೇಳಿದರು.

"ನೋಡಿದ್ದೇನೆ."

ಎಲ್ಲರೂ ನಂಬಿದರು. ಏಕೆ ನಂಬಬಾರದು? ದಿನಾ ಗಾಡಿಯ ಕಿಟಕಿಯಿಂದ ಹಳಿಯ ಪಕ್ಕದ ಪಾಲಕ, ಮೂಲಂಗಿ ನೋಡಿ ಮೂಗು ಮುಚ್ಚಿಕೊಳ್ಳುವವರೇ ನಾವೆಲ್ಲ. ಸುಳ್ಳು ಹೇಳುವವನಿಗೆ ಅರ್ಧ ಸುಳ್ಳನ್ನು ಊರೇ ಸಿದ್ಧ ಮಾಡಿ ಇಟ್ಟಿರುತ್ತದೆ.

ಆ ಮಗು ಎರಡು ದಿನದಲ್ಲಿ ಚೇತರಿಸಿಕೊಂಡಿತು. ಅವಳ ಅಪ್ಪ ಮತ್ತೆ ಕಾಫಿಗೆ ಬರಲಾರಂಭಿಸಿದರು. ಆದರೆ ಅದಕ್ಕೆ ಮೊದಲೇ, ಮರುದಿನ ಬೆಳಿಗ್ಗೆ, ಹಿಂಬಾಗಿಲಿಗೆ ಒದ್ದೆ ಗೋಣಿ ಬಂತು. ಇನ್ನು ಬರಬೇಡ ಎಂದು ಧಣಿಗಳೇ ಹೇಳಿದರು. ನಾನು ಪಕ್ಕದಲ್ಲಿ ನಿಂತಿದ್ದೆ.

"ಗಟಾರದ ನೀರಾ?" ಆಕೆಗೆ ಮೊದಲು ಅರ್ಥವೇ ಆಗಲಿಲ್ಲ. "ನಮ್ದು ಬಾವಿ ನೀರ ಅದ ರೀ ಸಾವ್ಕಾರ್ರ. ನನ್ನ ಮಕ್ಕಳು ಕುಡಿಯಾದೂ ಅದ ನೀರು. ಬೇಕಾರ ಇವರಿಗೆ ಕೇಳ್ರಿ. ಅಣ್ಣಾರ ಬಂದು ನೋಡ್ಯಾರ, ಕುಡದಾರ. ಹೇಳ್ರಿ ಅಣ್ಣಾರ."

ಧಣಿಗಳು ನನ್ನತ್ತ ತಿರುಗಿದರು. ಒಂದು ಮಾತು ಸಾಕಿತ್ತು. ನಾನು ಹೇಳಿದ್ದು: "ನನಗೆ ನೆನಪಿಲ್ಲ."

ಆಕೆ ನನ್ನನ್ನೇ ನೋಡಿದಳು. ಬೈಯಬಹುದಿತ್ತು. ಬೈಯಲಿಲ್ಲ. ಗೋಣಿಯನ್ನು ತಲೆಗೆ ಏರಿಸಿಕೊಂಡು, "ಆಯ್ತು ಬಿಡ್ರಿ ಅಣ್ಣಾರ. ನೆನಪಾದಾಗ ಹೇಳ್ರಿ," ಎಂದು ಹೋದಳು.

ನಮ್ಮವರ ಹೋಟೆಲುಗಳ ರೀತಿ ನಿಮಗೆ ಗೊತ್ತಿದೆ. ಒಬ್ಬರು ಊರಿನವರು, ಇನ್ನೊಬ್ಬರು ನೆಂಟರು, ಮತ್ತೊಬ್ಬರು ಒಂದೇ ಕಾಲದಲ್ಲಿ ಲೋಟ ತೊಳೆದವರು. ಒಂದು ಗಲ್ಲಾದಲ್ಲಿ ಆಡಿದ ಮಾತು ಮಧ್ಯಾಹ್ನದ ಊಟದೊಳಗೆ ಹತ್ತು ಅಡುಗೆಮನೆ ತಲುಪುತ್ತದೆ. ಆ ವಾರದೊಳಗೆ ಇಡೀ ರಸ್ತೆಯಲ್ಲಿ ಆಕೆಯಿಂದ ಎಲೆ ಕೊಳ್ಳುವವರು ಒಬ್ಬರೂ ಉಳಿಯಲಿಲ್ಲ.

ಒಂದು ವರ್ಷದ ಮೇಲೆ ಆಕೆಯನ್ನು ಇನ್ನೊಮ್ಮೆ ಕಂಡೆ. ನನ್ನ ಗಾಡಿ ದಿವಾದಲ್ಲಿ ನಿಂತಿತ್ತು. ಪ್ಲಾಟ್‌ಫಾರ್ಮಿನಲ್ಲಿ ಕಟ್ಟಡ ಕೆಲಸದವರ ಗುಂಪು. ಅದರಲ್ಲಿ ಆಕೆ, ಕೈಯಲ್ಲಿ ಘಮೇಲಾ (ಕಲಸಿದ ಸಿಮೆಂಟು ಹೊರುವ ಬಾಣಲೆ). ನನ್ನ ಕಿಟಕಿಯಿಂದ ನಾಲ್ಕು ಮಾರು ದೂರ. ಇಳಿಯಬಹುದಿತ್ತು. ಕಿಟಕಿಯಿಂದಲಾದರೂ ಕರೆಯಬಹುದಿತ್ತು. ನಾನು ಪತ್ರಿಕೆಯನ್ನು ಮುಖಕ್ಕೆ ಹಿಡಿದೆ. (ಅದು ಇದೇ ಪತ್ರಿಕೆ.)

ನಿವೃತ್ತನಾದ ಮೇಲೆ ಈ ಚಳಿಗಾಲದ ಮೊದಲಿಗೆ ಸೊಸೆ ಎಲ್ಲಿಂದಲೋ ಒಂದು ಬೀಜದ ಪ್ಯಾಕೆಟ್ ತಂದಳು. "ಮಾವ, ಸುಮ್ಮನೆ ಕೂತು ಬೇಜಾರು ಮಾಡ್ಕೊಳ್ಬೇಡಿ." ಆಪೂಸ್ ಮಾವಿನ ಖಾಲಿ ಮರದ ಪೆಟ್ಟಿಗೆಗೆ ಮಣ್ಣು ತುಂಬಿ, ಬೆಂಡೆ ಬೀಜ ಹಾಕುವಂತೆ ಬೆರಳಾಳಕ್ಕೆ ಬಿತ್ತಿದೆ. ಹತ್ತು ದಿನ ಕಾದೆ. ಏನೂ ಇಲ್ಲ. ಪಾರಿವಾಳಗಳ ಕೆಲಸವೆಂದುಕೊಂಡು ಎರಡನೆಯ ಸಲ ಇನ್ನೂ ಆಳಕ್ಕೆ ಹಾಕಿದೆ. ಮತ್ತೆ ಏನೂ ಇಲ್ಲ. "ಅಜ್ಜ ಮಣ್ಣಿಗೆ ನೀರು ಕುಡಿಸುತ್ತಾರೆ," ಎಂದು ಮನೆಯಲ್ಲಿ ನಗು.

ಮೂರನೆಯ ಸಲ ಬೀಜವನ್ನು ಅಂಗೈಯಲ್ಲಿ ಹಿಡಿದು ಕೂತಿದ್ದಾಗ ಆ ಮಾತು ನೆನಪಾಯಿತು. ಬೆಳಕ ಕಾಣದಿದ್ರ ಹುಟ್ಟಂಗಿಲ್ಲ. ಜೀರಿಗೆಗಿಂತ ಸಣ್ಣ ಬೀಜ. ಮೇಲೆಯೇ ಉದುರಿಸಿದೆ, ಅಂಗೈಯಿಂದ ಒತ್ತಿದೆ, ಬೆರಳಲ್ಲಿ ನೀರು ಚಿಮುಕಿಸಿದೆ. ಪಾರಿವಾಳ ಬರದಂತೆ ಮೊಮ್ಮಗಳ ಹಳೆಯ ಸೊಳ್ಳೆಪರದೆ ಕಟ್ಟಿದೆ. ನಾಲ್ಕನೆಯ ದಿನ ಹಸಿರು ಚುಕ್ಕಿಗಳು. ಆರೇಳು ವಾರಕ್ಕೆ ಅಂಗೈಯಗಲದ ಎಲೆಗಳು.

ಒಂದೊಂದು ಎಲೆಗೆ ಎಷ್ಟು ದಿನ ಬೇಕೆಂದು ನನಗೆ ಗೊತ್ತಾದದ್ದು ಆಗ. ಗೋಣಿ ತುಂಬ ಎಲೆಯನ್ನು ಒಂದು ಮಾತಿನಲ್ಲಿ ಗಟಾರಕ್ಕೆ ಹಾಕಿದವನು ನಾನು.

ಆ ಭಾನುವಾರ ರಾತ್ರಿಯೇ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದ್ದು ಒಂದೇ: "ನಮಗೆ ಹೇಳಿ ಎಂತ ಆಯ್ತು? ಅವಳಿಗೆ ಹೇಳಿದ್ರಾ?"

ಮರುದಿನ ಕಳವಾಕ್ಕೆ ಹೋದೆ. ಆ ಜಾಗದಲ್ಲಿ ಈಗ ನಾಲ್ಕು ಮಹಡಿಯ ಹೌಸಿಂಗ್ ಸೊಸೈಟಿ. ಬಾವಿ ಇನ್ನೂ ಇದೆ, ಮೇಲೆ ಚಪ್ಪಡಿ ಎಳೆದಿದ್ದಾರೆ. ವಾಚ್‌ಮನ್‌ಗೆ ಯಾವ ಪತ್ತಾವಾಲಿಯೂ ಗೊತ್ತಿಲ್ಲ. "ಇಧರ್ ಸಬ್ಜಿ ಕಬ್ ಥಾ, ಚಾಚಾ?" ಎಂದ. (ಇಲ್ಲಿ ತರಕಾರಿ ಯಾವಾಗ ಇತ್ತು?) ದಿವಾದಲ್ಲಿ ಎರಡು ಬೆಳಿಗ್ಗೆ ನಿಂತು ನೋಡಿದೆ. ಮುಂಬ್ರಾದಲ್ಲಿ ಕಟ್ಟಡ ಕೆಲಸದವರನ್ನೂ ಕೇಳಿದೆ. ಸಿಗಲಿಲ್ಲ.

ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಆಕೆಗೆ ಓದು ಬಾರದು. ಆಕೆ ಓದಲಾರದ ಜಾಗದಲ್ಲಿ ತಪ್ಪೊಪ್ಪಿಕೊಳ್ಳುವುದು ಎಷ್ಟು ಸಲೀಸು, ನನಗೆ ಗೊತ್ತಿದೆ. ಇದನ್ನು ಕ್ಷಮೆ ಕೇಳಿದ್ದು ಎಂದು ನೀವು ಎಣಿಸಬೇಡಿ, ನಾನೂ ಎಣಿಸುವುದಿಲ್ಲ. ನಮ್ಮ ಧಣಿಗಳು ಈಗಿಲ್ಲ. ಆದರೆ ಆ ರಸ್ತೆಯ ಉಳಿದ ಹೋಟೆಲುಗಳಿವೆ, ಅಲ್ಲಿ ಈ ಪತ್ರಿಕೆ ಗಲ್ಲಾದ ಮೇಲೆಯೇ ಇರುತ್ತದೆ. ಆ ಹೋಟೆಲುಗಳವರೇ, ನನ್ನ ಸುಳ್ಳನ್ನು ಮಧ್ಯಾಹ್ನದೊಳಗೆ ಹತ್ತು ಅಡುಗೆಮನೆಗೆ ಮುಟ್ಟಿಸಿದವರು ನೀವು. ಇದನ್ನೂ ಮುಟ್ಟಿಸಿ. ಆ ಎಲೆ ಬಾವಿ ನೀರಿನದು, ಶುಚಿಯಾದದ್ದು. ಅದನ್ನು ಎಂಜಲು ಮಾಡಿದವನು ನಾನು. ನಿಮ್ಮ ಹಿಂಬಾಗಿಲಿಗೆ ಆಕೆ ಎಂದಾದರೂ ಬಂದರೆ ನನಗೊಂದು ಕಾಗದ ಹಾಕಿ. ನಾನೇ ಬರುತ್ತೇನೆ.

ಆಕೆಯ ಹೆಸರು ಪತ್ತಾವಾಲಿ ಅಲ್ಲ. ಮೊದಲ ದಿನವೇ ತನ್ನ ಹೆಸರು ಹೇಳಿದ್ದಳು, ನಾನು ಒಮ್ಮೆಯೂ ಆ ಹೆಸರಿನಿಂದ ಕರೆಯಲಿಲ್ಲ.

ನನಗೆ ನೆನಪಾಗಿದೆ, ಮಲ್ಲಮ್ಮ.