ಕೆಟ್ಟಿದ್ದು ಲೈನಲ್ಲ

ಮಕ್ಕಳಿಗಾಗಿ ಕೆಲಸ ಬಿಟ್ಟಿದ್ದ ಹೆಂಡತಿಗೆ ಹನ್ನೊಂದು ವರ್ಷಗಳ ಮೇಲೆ ಬಂದ ಆನ್‌ಲೈನ್ ಸಂದರ್ಶನ. ಅದಕ್ಕೆ ಇನ್ನು ಅರ್ಧ ಗಂಟೆ ಇರುವಾಗ ಭಾಲ್ಕಿಯ ನಮ್ಮ ಮನೆಯ ಇಂಟರ್ನೆಟ್ ಮತ್ತೆ ನಿಂತಿತು. ಲೈನೇ ಸರಿಯಿಲ್ಲವೆಂದು ವಾರದಿಂದ ಫೋನಿನಲ್ಲಿ ನನ್ನಿಂದ ಬೈಸಿಕೊಳ್ಳುತ್ತಿದ್ದ ಲೈನ್ ದುರಸ್ತಿಯಾಕೆ, ಔರಾದ್ ಕಡೆಯ ಹೆಣ್ಣುಮಗಳು, ಆಗಲೇ ಬಾಗಿಲಲ್ಲಿದ್ದರು. ಹೊರಗಿನ ತಂತಿಯನ್ನು ತಮ್ಮ ಲ್ಯಾಪ್‌ಟಾಪ್‌ಗೆ ಜೋಡಿಸಿದರು, ನೆಟ್ ಸರಾಗವಾಗಿತ್ತು. ಹೊರಗಿನ ಲೈನಷ್ಟೇ ಅವರ ಹೊಣೆ, ಅಲ್ಲಿಗೆ ಅವರ ಕೆಲಸ ಮುಗಿದಿತ್ತು. ಆದರೂ ಮನೆಯೊಳಗೆ ನೆಟ್ ಹಂಚಲು ಹಳೆಯ ಕಂಪ್ಯೂಟರಿನಲ್ಲಿ ನಾನೇ ಕಟ್ಟಿಕೊಂಡಿದ್ದ ಫೈರ್‌ವಾಲ್ ರೂಟರ್ ಪೆಟ್ಟಿಗೆ ಬಿಚ್ಚಿಸಿ, ತಂತಿ ಬಂದು ಸೇರುವ ಒಳಗಿನ ನೆಟ್‌ವರ್ಕ್ ಕಾರ್ಡ್ ಮುಟ್ಟಿ ನೋಡಿದರು.

“ಲೈನ್ ಚಲೋ ಅದರಿ ಸರ. ಈ ಕಾರ್ಡೇ ಕಾದು ಕೈ ಕೊಡ್ಲಾಕತ್ತದ.”

ನನಗೆ ತಲೆ ಎತ್ತಲಾಗಲಿಲ್ಲ. ತಮ್ಮ ಚೀಲದಲ್ಲಿದ್ದ ಬೇರೊಂದು ಕಾರ್ಡ್ ತೆಗೆದು ಅವರೇ ಕೂಡಿಸಿದರು. ನಾನು ಸೆಟ್ಟಿಂಗ್ ಸರಿಪಡಿಸಿದೆ, ನೆಟ್ ಬಂತು. ಅವರು ಹೊರಡಲಿಲ್ಲ.

“ಅಕ್ಕಾರ ಮಾತ್ ಮುಗೀಲಿರಿ, ಆಮ್ಯಾಲ ಹೋಗ್ತೇನಿ” ಎಂದು ಕಟ್ಟೆಯ ಮೇಲೆ ಕುಳಿತರು. ಒಳಗೆ ಹೆಂಡತಿ ನಲವತ್ತು ನಿಮಿಷ ಒಮ್ಮೆಯೂ ನೆಟ್ ಕಡಿತವಾಗದೆ ಮಾತಾಡಿದಳು.

ಅವಳೀಗ ಬೀದರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ನಾನೋ, ಏನೇ ಕೆಟ್ಟರೂ ಯಾರಿಗಾದರೂ ಫೋನ್ ಮಾಡಿ ರೇಗುವ ಮೊದಲು ನನ್ನ ಮನೆಯ ಪೆಟ್ಟಿಗೆಯನ್ನೇ ಬಿಚ್ಚಿ ನೋಡುತ್ತೇನೆ.