ಬಿ.ಎ. ಪಾಸಾದವನು ಕಡ್ಲೆಕಾಯಿ ಸುಲಿದದ್ದು

ನನ್ನ ಮೈದುನ ಬಿ.ಎ. ಪಾಸು ಮಾಡಿ ಮೈಸೂರಿನಿಂದ ಬಂದ ದಿನದಿಂದ ನಮ್ಮ ಮನೆಯ ಜಗಲಿಯ ಮೇಲೆ ಬೇರೆ ಯಾರೂ ಕೂರುವಂತಿರಲಿಲ್ಲ. ನಮ್ಮದು ಗೌಡಗೆರೆ ಹೋಬಳಿಯ ಸಣ್ಣ ಊರು. ಮಳೆ ಬಂದರೆ ಕಡ್ಲೆಕಾಯಿ, ಬರದಿದ್ದರೆ ಬರೀ ಮಾತು. ಅಂಥ ಊರಿಗೆ ಅವನೇ ಮೊದಲ ಬಿ.ಎ. ಜಗಲಿಗೆ ಚಾಪೆ ಹಾಸಿ, ದಿಂಬು ಇಟ್ಟು, ಹೊತ್ತು ಹೊತ್ತಿಗೆ ಕಾಫಿ ಕೊಡುವುದು ನನ್ನ ಕೆಲಸ. ಕುಡಿಯುವುದು ಅವನ ಕೆಲಸ. ವರ್ಷದ ಮೇಲಾದರೂ ಅವನಿಗೆ ಬೇರೆ ಕೆಲಸ ಸಿಗಲಿಲ್ಲ.

ನಾನು ಓದಿದ್ದು ಎರಡನೇ ಕ್ಲಾಸು. ಅಕ್ಷರ ಕೂಡಿಸಿ ಓದುತ್ತೇನೆ, ಬರೆದರೆ ಸಾಲು ಡೊಂಕು. ಬಿ.ಎ.ಯಲ್ಲಿ ಏನು ಕಲಿಸುತ್ತಾರೋ ನನಗೆ ತಿಳಿಯದು. ಕಲಿತವರು ಏನು ಮಾಡುತ್ತಾರೆಂದು ಮಾತ್ರ ಕಣ್ಣಾರೆ ಕಂಡೆ. ಇವನ ಜೊತೆ ಓದಿದ ಒಬ್ಬ ಕೊರಟಗೆರೆಯಲ್ಲಿ ಹೈಸ್ಕೂಲು ಮೇಷ್ಟ್ರಾದ. ಇನ್ನೊಬ್ಬ ಮಧುಗಿರಿಯಲ್ಲಿ ಟೈಪು ಕಲಿಯುತ್ತಿದ್ದ. ಕಲಿತು ಮುಗಿದ ಮೇಲೂ ಹೋಗಿ ಕಲಿಯುತ್ತಿದ್ದ, ಮನೆಯಲ್ಲಿದ್ದರೆ ಅಪ್ಪ ಬೈಯುತ್ತಾನೆಂದು. ಶಿರಾದ ಅತ್ತರು ಅಂಗಡಿಯವರ ಮಗ ಲಾ ಓದಲು ಬೆಂಗಳೂರಿಗೆ ಹೋದ.

"ಅದು ಓದಿದ್ ಮ್ಯಾಲೂ ಕೆಲಸ ಸಿಗದಿದ್ರೆ?" ಎಂದು ಮೈದುನನನ್ನು ಕೇಳಿದೆ.

"ಆವಾಗ ಕರೀಕೋಟು ಇರ್ತೈತಲ್ಲ ಅತ್ಗೆ. ಕೋಟು ಹಾಕ್ಕಂಡೋನ್ನ ಯಾರೂ ಏನ್ ಮಾಡ್ತೀಯ ಅಂತ ಕೇಳಕ್ಕಿಲ್ಲ" ಎಂದ.

ಮೂರ್ಖನಲ್ಲ ಅವನು. ಕೂರಿಸಿದ್ದರು, ಕೂತಿದ್ದ. ಕೂರಿಸಿದವಳು ನಮ್ಮತ್ತೆ. ನಿಡುಗಲ್ ಕಡೆಯ ಶಾಲೆಯೊಂದರಲ್ಲಿ ಮೇಷ್ಟ್ರ ಕೆಲಸ ಇದೆ ಎಂದು ಯಾರೋ ಹೇಳಿ ಕಳಿಸಿದಾಗ ಅತ್ತೆ ಆ ಹೇಳಿದವರಿಗೇ ಬೈದು ಕಳಿಸಿದಳು. "ನನ್ ಮಗ ಅಮಲ್ದಾರ ಆಗೋನು ಕಣ್ರೋ. ಮೂಗ್ ಸುರಿಸೋ ಮಕ್ಳಿಗೆ ಅಆಇಈ ಹೇಳ್ಕೊಡಕ್ಕಾ ಮೈಸೂರ್‌ಗೆ ಕಳ್ಸಿದ್ದು?" ಅಮಲ್ದಾರನನ್ನು ಯಾರು ಮಾಡುತ್ತಾರೆ, ಹೆಂಗೆ ಮಾಡುತ್ತಾರೆ ಎಂದು ಅವಳಿಗೂ ಗೊತ್ತಿರಲಿಲ್ಲ. ಸರ್ಕಾರದವರು ಜೀಪಿನಲ್ಲಿ ಬಂದು ಜಗಲಿಯಿಂದ ಎತ್ತಿಕೊಂಡು ಹೋಗುತ್ತಾರೆ ಎಂದುಕೊಂಡಿದ್ದಳೋ ಏನೋ. ಅಲ್ಲಿಯವರೆಗೆ ಮಗನ ಕೈಗೆ ಮಣ್ಣಾಗಬಾರದು. ಕುಡುಗೋಲು ಮುಟ್ಟಿದರೆ ಕಿತ್ತುಕೊಳ್ಳುತ್ತಿದ್ದಳು. ಕಣ್ಣಿ ಕಿತ್ತುಕೊಂಡು ಎತ್ತು ಓಡಿದರೂ ಅವನು ಎದ್ದು ಹಿಡಿಯುವಂತಿರಲಿಲ್ಲ, ಊರಿನವರು ನೋಡಿಬಿಟ್ಟರೆ?

ಕೂತರೆ ಕೂತುಕೊಳ್ಳಲಿ ಎಂದು ನಾನೂ ಬಿಡುತ್ತಿದ್ದೆ. ಆದರೆ ಅವನು ಕಾಲೇಜಿಗೆ ಹೋಗುವ ಮೊದಲೇ ನನ್ನ ತಂಗಿಯನ್ನು ಅವನಿಗೆ ಕೊಡುವುದೆಂದು ಹಿರಿಯರು ಎಲೆ ಅಡಿಕೆ ಬದಲಾಯಿಸಿದ್ದರು. ತಂಗಿಗೆ ಇಪ್ಪತ್ತು ದಾಟಿತ್ತು. ಅವಳ ಓರಗೆಯವರೆಲ್ಲ ಮಕ್ಕಳನ್ನು ಸೊಂಟಕ್ಕೆ ಏರಿಸಿಕೊಂಡು ಓಡಾಡುತ್ತಿದ್ದರು. ನಮ್ಮ ತವರು ಪಾವಗಡದ ಆಚೆ. ಅಲ್ಲಿಂದ ಅಪ್ಪ ಬಂದು ಲಗ್ನ ಯಾವಾಗ ಎಂದು ಕೇಳಿದರೆ ಅತ್ತೆ ಸೂರು ನೋಡುತ್ತಿದ್ದಳು. ಕೊನೆಗೊಂದು ದಿನ ಬಾಯಿಬಿಟ್ಟು ಹೇಳಿದಳು: "ಎಲೆ ಅಡಿಕೆ ತಾನೇ ಬೀಗ್ರೆ? ಅಗ್ದು ಉಗ್ದಾಯ್ತು ಬುಡಿ. ಆವಾಗ ಅವ್ನು ಬಿ.ಎ. ಆಗಿರ್ಲಿಲ್ಲ."

ಅಪ್ಪನಿಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. "ವದ್ದಮ್ಮಾ, ಈ ಸಂಬಂಧಂ ವದ್ದು" ಎಂದು ಎದ್ದು ಹೋದ. ಬೇಡ ಎನ್ನುವುದು ಅಪ್ಪನಿಗೆ ಸುಲಭ. ಎಲೆ ಅಡಿಕೆ ಆಗಿ ಮುರಿದುಬಿದ್ದ ಹುಡುಗಿಯನ್ನು ಇನ್ನಾರು ಕೇಳಿಕೊಂಡು ಬರುತ್ತಾರೆ? ಅದನ್ನು ಮೈದುನನಿಗೆ ಹೇಳಿದೆ. ತಲೆ ತಗ್ಗಿಸಿದ. ಅವ್ವನ ಎದುರು ಅವನಿಗೆ ದನಿಯೇ ಏಳುತ್ತಿರಲಿಲ್ಲ.

ಆ ವರ್ಷ ಮೃಗಶಿರೆ ಮಳೆ ಚೆನ್ನಾಗಿ ಬಿತ್ತು. ಬಿತ್ತನೆ ಕಡ್ಲೆಕಾಯಿ ಸುಲಿಯಬೇಕು. ಸಿಪ್ಪೆ ಒಡೆದು ಬೀಜ ತೆಗೆಯುವಾಗ ಬೀಜದ ಕೆಂಪು ಹೊಟ್ಟು ಕಿತ್ತು ಹೋದರೆ ಅದು ಹುಟ್ಟುವುದಿಲ್ಲ, ಹಾಗಾಗಿ ಕೈಯಲ್ಲೇ ಸುಲಿಯಬೇಕು. ಊರಿನ ಹೆಂಗಸರೆಲ್ಲ ಅವರವರ ಮನೆಯಲ್ಲಿ ಸುಲಿಯಲು ಕೂತಿದ್ದರು, ಕೂಲಿಗೆ ಒಬ್ಬರೂ ಸಿಗಲಿಲ್ಲ. ನನ್ನ ಗಂಡ ಹೊಲ ಹಸನು ಮಾಡಲು, ಅತ್ತೆ ಪಕ್ಕದೂರಿಗೆ ಹೋಗಿದ್ದರು. ನಾನು ಮೈದುನನ ಮುಂದೆ ಮೂಟೆ ಸುರಿದೆ.

"ಒಳಗೋಗಿ ಒಂದು ಹಳೇ ಪಂಚೆ ಉಟ್ಕಂಡು ಬಾರಪ್ಪ. ದಿನಾ ಇಲ್ಲಿ ಕುಂತು ಹಿಡಿಗಟ್ಲೆ ತಿಂತೀಯ. ಇವತ್ತು ಸುಲಿ."

ಅಂಗಿ ಕಳಚಿಟ್ಟು, ಪಂಚೆ ಉಟ್ಟು ಬಂದು ಕೂತ. ಎರಡು ಗಳಿಗೆಗೆ ಹೆಬ್ಬೆರಳು ಊದಿತು. ಆದರೂ ಏಳಲಿಲ್ಲ. ಅಷ್ಟು ದಿನಗಳಲ್ಲಿ ಅವನ ಮುಖ ಅವತ್ತು ಸ್ವಲ್ಪ ಗೆಲುವಾಗಿತ್ತು.

ಅತ್ತೆ ಹಿತ್ತಲಿನಿಂದ ಒಳಗೆ ಬಂದದ್ದೂ, ಮುಂದಿನ ಬೀದಿಯಲ್ಲಿ ಗಾಡಿ ನಿಂತದ್ದೂ ಒಂದೇ ಸಲ. ಗಾಡಿಯಲ್ಲಿ ಮಧುಗಿರಿಯ ಕಡ್ಲೆಕಾಯಿ ಮಂಡಿಯ ಸಾಹುಕಾರ. ಮಗಳಿಗೆ ಬಿ.ಎ. ಗಂಡು ಹುಡುಕುತ್ತಿದ್ದವನು. ಮೈದುನನ ವಿಷಯ ಅವನ ಕಿವಿಗೆ ಹಾಕಿದವಳು ಅತ್ತೆಯೇ, ನಮಗೆ ಗೊತ್ತಿಲ್ಲದ ಹಾಗೆ. ನಮ್ಮ ಕಡೆ ಹೆಣ್ಣು ಕೊಡುವವರು ಹೇಳದೆ ಬರುತ್ತಾರೆ. ಮೊದಲು ತಿಪ್ಪೆ ನೋಡುತ್ತಾರೆ, ಆಮೇಲೆ ಹುಲ್ಲಿನ ಬಣವೆ, ಕೊನೆಗೆ ಗಂಡು. ಸಾಹುಕಾರ ತಿಪ್ಪೆಯನ್ನೂ ಬಣವೆಯನ್ನೂ ಸುತ್ತಿ ನೋಡಿ, ತಲೆಯಾಡಿಸಿ ಜಗಲಿಗೆ ಬಂದ.

"ಎಲ್ಲವ್ನಮ್ಮ ನಿಮ್ಮ ಬಿ.ಎ. ಹುಡುಗ?"

ಆಗಷ್ಟೇ ಬಾಗಿಲಿಗೆ ಬಂದ ಅತ್ತೆ ಮಗನನ್ನು ನೋಡಿದಳು. ಮೈಮೇಲೆ ಅಂಗಿಯಿಲ್ಲ, ತಲೆಯ ತುಂಬ ಧೂಳು, ತೊಡೆಯ ಮೇಲೆ ಸಿಪ್ಪೆ. ಅವಳ ಬಾಯಿಂದ ಬಂದದ್ದು ಹೀಗೆ:

"ತುಮಕೂರಿಗೆ ಹೋಗವ್ನೆ ಸ್ವಾಮಿ, ಕೆಲಸದ್ ಇಂಟ್ರೂಗೆ. ಇವ್ನು ನಮ್ ಆಳು."

ಮೈದುನ ಅವ್ವನನ್ನೊಮ್ಮೆ ನೋಡಿ, ಸುಲಿಯುವುದನ್ನು ಮುಂದುವರಿಸಿದ. ಅತ್ತೆ ಕಾಫಿಗೆಂದು ನನ್ನನ್ನು ಎಳೆದುಕೊಂಡು ಒಳಗೆ ಹೋಗಿ ಬಾಗಿಲ ಸಂದಿಯಲ್ಲಿ ನಿಂತಳು. ನಾನೂ ನಿಂತೆ.

ಮನೆಯ ನಿಜ ಬೇಕಾದರೆ ಆಳನ್ನು ಕೇಳಬೇಕೆಂದು ವ್ಯಾಪಾರಸ್ಥನಿಗೆ ಗೊತ್ತಿರುವುದಿಲ್ಲವೇ? ಸಾಹುಕಾರ ಹತ್ತಿರ ಸರಿದು ಕೂತ.

"ಏನ್ಲಾ, ನಿಮ್ ಚಿಕ್ ಯಜಮಾನ್ರು ಹೆಂಗೆ?"

"ಒಳ್ಳೇವ್ರು ಸ್ವಾಮಿ. ಉಂಡ್ ಮ್ಯಾಲೆ ಮನಿಕ್ಕಂತಾರೆ, ಎದ್ ಮ್ಯಾಲೆ ಉಣ್ತಾರೆ."

"ಕುಡಿತ ಗಿಡಿತ?"

"ಕಾಫಿ."

"ಕೆಲಸ ಹುಡುಕ್ತಾವ್ರಂತೆ, ಎಲ್ಲಿ?"

"ಇದೇ ಜಗಲಿ ಮ್ಯಾಲೆ. ಇನ್ನೂ ಸಿಕ್ಕಿಲ್ಲ."

ಒಳಗೆ ಅತ್ತೆ ನನ್ನ ತೋಳನ್ನು ಉಗುರಿನಲ್ಲಿ ಒತ್ತಿದಳು. ಹೊರಗೆ ಬಂದು ಬಾಯಿ ಮುಚ್ಚಿಸಿದರೆ ಸಾಹುಕಾರನಿಗೆ ಅನುಮಾನ, ಇವನೇ ನನ್ನ ಮಗ ಎನ್ನುವಂತಿಲ್ಲ, ಆಳು ಎಂದು ತಾನೇ ಹೇಳಿಯಾಗಿದೆ. ಆಗ ಮೈದುನ ತಲೆ ಎತ್ತದೆ ಇನ್ನೊಂದು ಮಾತು ಹೇಳಿದ.

"ಅವ್ರಿಗೆ ಒಂದು ಹೆಣ್ಣಿನ್ ಜೊತೆ ಎಲೆ ಅಡಿಕೆ ಆಗೋಗೈತೆ ಸ್ವಾಮಿ. ಪಾವಗಡದ ಕಡೆ ಹುಡುಗಿ. ಅವ್ರಿಗೂ ಆ ಹುಡುಗಿನೇ ಬೇಕು. ಹೇಳಕ್ಕೆ ಧೈರ್ಯ ಇಲ್ಲ."

ನಮ್ಮ ಮನೆಯಲ್ಲಿ ಬಿ.ಎ. ಓದಿದ ಮಗ ಆಡಲಾಗದ ಮಾತನ್ನು ಆಳು ಆಡಿಬಿಟ್ಟ. ಸಾಹುಕಾರ ಎದ್ದು ನಿಂತ. ಕಾಫಿಗೆ ಕಾಯಲಿಲ್ಲ.

"ಬ್ಯಾರೇವ್ರಿಗೆ ಮಾತು ಕೊಟ್ಟಿರೋ ಮನೆಗೆ ನಾನು ಹೆಣ್ಣು ಕೊಡಕ್ಕಿಲ್ಲ ಕಣಮ್ಮ" ಎಂದು ಹೊರಗೆ ಓಡಿಬಂದ ಅತ್ತೆಗೆ ಹೇಳಿದ. ಮೈದುನನ ಕಡೆ ತಿರುಗಿ, "ನಿನ್ನಂಥ ಸುಳ್ಳಾಡದೋನು ಒಬ್ಬ ನನ್ ಮಂಡಿಗೆ ಬೇಕು. ಬತ್ತೀಯೇನ್ಲಾ?" ಎಂದ.

"ಬತ್ತೀನಿ ಸ್ವಾಮಿ."

ಬಿ.ಎ. ಎಂದು ಹೇಳಿಕೊಂಡು ಕೂತವನಿಗೆ ಸಿಗದ ಕೆಲಸ ಆಳು ಎಂದ ಕೂಡಲೇ ಸಿಕ್ಕಿತು. ಮಾರನೆಯ ದಿನವೇ ಹೊರಟ. ಅತ್ತೆ ಅತ್ತಳು, ನೆಲಕ್ಕೆ ಹಣೆ ಚಚ್ಚಿಕೊಂಡಳು. ಊರಿನವರು ಕೇಳಿದಾಗ ಮಾತ್ರ ಕಣ್ಣೊರೆಸಿಕೊಂಡು "ಮದ್ಗಿರೀಲಿ ಆಪೀಸು" ಎಂದಳು.

ಒಂದು ವಾರ ಮಂಡಿಯಲ್ಲಿ ಮೂಟೆ ತೂಗಿ, ಮೈದುನ ತಾನು ಯಾರೆಂದು ಸಾಹುಕಾರನಿಗೆ ತಾನೇ ಹೇಳಿದ. ಸಾಹುಕಾರ ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. "ನೀನೇ ಆ ಬಿ.ಎ. ಅಂತ ಅವತ್ತೇ ಗೊತ್ತಾಗಿದ್ರೆ ಹೆಣ್ಣು ಕೊಟ್ಬುಡ್ತಿದ್ದೆ ಕಣಯ್ಯ, ಕೆಲಸ ಕೊಡ್ತಿರ್ಲಿಲ್ಲ. ಈಗ ಕೆಲಸ ಕೊಟ್ಟಿದೀನಿ, ಹೆಣ್ಣು ಕೊಡಕ್ಕಾಗಲ್ಲ. ಮಂಡೀಲಿ ಮೂಟೆ ತೂಗೋನಿಗೆ ಮಗಳನ್ನ ಕೊಟ್ರೆ ಜನ ಏನಂತಾರೆ?"

ತವರಿಗೆ ಹೋಗಿ ನಡೆದದ್ದನ್ನೆಲ್ಲ ತಂಗಿಗೆ ಹೇಳಿದೆ. ಅವಳು ರಾಗಿ ಬೀಸುತ್ತಿದ್ದಳು, ಗೂಟದಿಂದ ಕೈ ತೆಗೆಯಲಿಲ್ಲ.

"ಮತ್ತೆ ಜಗಲಿಗೆ ಬಂದು ಕೂರಲ್ಲ ತಾನೇ ಅಕ್ಕ?"

"ಕೂತ್ರೆ ನಾನೇ ಎಬ್ಬಿಸ್ತೀನಿ."

"ಅಂಗಾದ್ರೆ ಆಗ್ಲಿ."

ಅಪ್ಪನಿಗೆ ಕನ್ನಡ ಮತ್ತೆ ಬಂತು. ಬೇರೆ ಸಾಹುಕಾರ ಯಾರೂ ಮಂಡಿಯ ಆಳಿಗೆ ಹೆಣ್ಣು ಕೊಡಲು ಬರಲಿಲ್ಲವಾದ್ದರಿಂದ ಅತ್ತೆಗೂ ಉಗುಳಿದ ಎಲೆ ಅಡಿಕೆ ನೆನಪಾಯಿತು. ಕಡ್ಲೆಕಾಯಿ ಕಿತ್ತ ಮೇಲೆ ಲಗ್ನವಾಯಿತು.

ಅಕ್ಷತೆ ಹಾಕಲು ಬಂದವರ ಮುಂದೆಲ್ಲ ಅತ್ತೆ ಸೆರಗು ಸರಿಮಾಡಿಕೊಂಡು ಹೇಳುತ್ತಿದ್ದಳು: "ಮಗ ಬಿ.ಎ. ಆದ ಅಂತ ನಾವೇನು ಆಡಿದ್ ಮಾತು ತಪ್ಪೋರಾ? ಮದ್ಗಿರಿ ಸಾಹುಕಾರ್ರು ಮನೆ ಬಾಗ್ಲಿಗೇ ಬಂದಿದ್ರು. ಒಲ್ಲೆ ಅಂದ್ಬುಟ್ಟೆ."

ತಂಗಿ ಹಸೆಯ ಮೇಲೆ ತಲೆ ಬಗ್ಗಿಸಿ ಕೂತಿದ್ದಳು, ಭುಜ ಅಲುಗುತ್ತಿತ್ತು. ಪಾಪ, ತವರು ಬಿಡುವ ಸಂಕಟ ಎಂದರು ಹೆಂಗಸರು. ನಾನು ಹತ್ತಿರ ಹೋಗಿ, ನಗು ಕಾಣದ ಹಾಗೆ ಅವಳ ಸೆರಗನ್ನು ಮುಖದ ಮೇಲೆ ಇನ್ನಷ್ಟು ಎಳೆದೆ.