ಕೌಂಟರಿನ ನಾಳೆಯಕ್ಕ

ನಮ್ಮ ದ್ವೀಪಕ್ಕೆ ರಜೆ ಕಳೆಯಲು ಬರುವವರೆಲ್ಲ ರೆಸಾರ್ಟಿನ ಜಾಹೀರಾತಿನ ಕೆಂಪು ಕೊಡೆಗೆ ಮರುಳಾದವರು. ಮರಳಿನಲ್ಲಿ ನೆಟ್ಟಗೆ ನಿಂತ ಕೊಡೆ, ಅದರಡಿ ಒಂದು ಕುರ್ಚಿ, ಹಿಂದೆ ಸಾಧು ಸಮುದ್ರ. ಕುರ್ಚಿಯ ಮರೆಯಲ್ಲಿ ಬೋರಲು ಮಲಗಿ ಕೊಡೆಯ ಕೋಲನ್ನು ತಬ್ಬಿಕೊಂಡಿರುವವರು ನಮ್ಮ ಮನೆ ಯಜಮಾನರು, ನನ್ನ ಗಂಡ. ಕಣ್ಣಿಟ್ಟು ನೋಡಿದರೆ ಅವರ ಎಡಗಾಲಿನ ಹೆಬ್ಬೆರಳು ಕಾಣುತ್ತದೆ.

ಇಲ್ಲಿಗೆ ಬಂದ ಮೇಲೆ ಸಿಗುವುದೇ ಬೇರೆ. ದೋಣಿ ಇಳಿಯುವ ಮೊದಲೇ ಟೋಪಿ ಗಾಳಿಗೆ ಹಾರಿ ಸಮುದ್ರದ ಪಾಲು. ಟೀ ಕಪ್ಪಿನ ತಳದಲ್ಲಿ ಮರಳು, ಅದಕ್ಕೆ ಬೇರೆ ದುಡ್ಡು ಕೇಳುವುದಿಲ್ಲ. ಒಣಹಾಕಿದ ಈಜುಡುಗೆ ಪಕ್ಕದ ರೂಮಿನವರ ಬಾಲ್ಕನಿಗೆ ಹೋಗಿ ಬೀಳುತ್ತದೆ. ಅದರಿಂದ ಆಗುವ ಪರಿಚಯವೂ ಪುಕ್ಕಟೆ.

ಇಷ್ಟಕ್ಕೂ ಜವಾಬು ಹೇಳಬೇಕಾದವರು ಕೌಂಟರಿನಲ್ಲಿ ಕೂರುವ ಯಜಮಾನರ ಅಕ್ಕ. ಗಾಳಿ ಯಾವಾಗ ನಿಲ್ಲುತ್ತದೆಂದು ಯಾರೇ ಕೇಳಲಿ, "ನಾಳೆ ಸರ್" ಅನ್ನುತ್ತಾರೆ. ಕೆಲಸದವರ ಬಾಯಲ್ಲಿ ಅವರು ನಾಳೆಯಕ್ಕ. ಮನೆಯಲ್ಲಿ ಮಾತ್ರ ಅವರಿಗೆ ನಾಳೆ ಎಂಬುದಿಲ್ಲ. ಸಂಜೆ ನಾನು ರೆಸಾರ್ಟಿನ ಅಡುಗೆಮನೆ ಕೆಲಸಕ್ಕೆ ಹೊರಡುವ ಹೊತ್ತಿಗೆ ಬಂದು, ಬ್ಯಾಗು ಕೆಳಗಿಡುವ ಮೊದಲೇ ನನ್ನ ಮಗಳನ್ನು ಸೊಂಟಕ್ಕೇರಿಸಿಕೊಳ್ಳುತ್ತಾರೆ.

ಮೊನ್ನೆ ಒಬ್ಬ ನಿವೃತ್ತ ಮೇಷ್ಟ್ರು ಕೌಂಟರ್ ಕುಟ್ಟಿದರು. "ಹೋದ ವರ್ಷಾನೂ ನಾಳೆ ಅಂದಿದ್ರಿ. ಒಂದು ವರ್ಷ ಕಾದಿದ್ದೀನಮ್ಮ!"

ಮ್ಯಾನೇಜರ್ ಕಿವಿಗೆ ಬಿತ್ತು. ಇನ್ನೊಂದು ದೂರು ಬಂದರೆ ನಾಳೆಯಕ್ಕನಿಗೆ ಲಾಂಡ್ರಿ, ಅದೂ ಸಂಜೆ ಪಾಳಿ ಎಂದರು. ಆಗ ನನ್ನ ಮಗಳನ್ನು ನೋಡಿಕೊಳ್ಳುವವರು ಯಾರು? ಯಜಮಾನರು ಆ ಹೊತ್ತಿನಲ್ಲಿ ಕುರ್ಚಿಗಳನ್ನು ಹಗ್ಗದಲ್ಲಿ ಕಟ್ಟುತ್ತಿರುತ್ತಾರೆ, ಇಲ್ಲದಿದ್ದರೆ ಅವೂ ರಜೆಯ ಮೇಲೆ ಹೋಗುತ್ತವೆ.

"ಇಲ್ಲಿ ಗಾಳಿ ನಿಲ್ಲೋದೇ ಇಲ್ಲ ಅಂತ ನಿಜ ಹೇಳಿಬಿಡಿ ಅತ್ತಿಗೆ" ಎಂದೆ.

"ನಿಜ ಹೇಳಿದ್ರೆ ರೂಮೆಲ್ಲ ಖಾಲಿ ಕಣೇ. ಆಮೇಲೆ ಲಾಂಡ್ರೀಲಾದ್ರೂ ಒಗೆಯೋಕೆ ಏನಿರತ್ತೆ?"

ಮರುದಿನ ಮೇಷ್ಟ್ರು ಮತ್ತೆ ಹಾಜರ್. ಅತ್ತಿಗೆಗೂ ರೇಗಿತ್ತು. "ನಾಳೆ ನಿಂತೇ ನಿಲ್ಲತ್ತೆ ಸರ್!"

"ನಿಲ್ಲದಿದ್ರೆ ನಿಮ್ಮ ಮ್ಯಾನೇಜರ್ ಹತ್ರ ಹೋಗ್ತೀನಿ, ನೋಡ್ತಿರಿ."

ನಿಂತೇಬಿಟ್ಟಿತು. ಕಿಟಕಿಯ ಗಡಗಡ ಸದ್ದಿಗೇ ಮಲಗಿ ರೂಢಿಯಾದ ನನ್ನ ಮಗಳು ಬೆಳಗಿನ ನಿಶ್ಶಬ್ದಕ್ಕೆ ಬೆಚ್ಚಿ ಕಿರುಚಿದಳು. ಗಾಳಿಗೆ ಎದುರಾಗಿ ವಾಲಿ ನಡೆಯುವ ಕೆಲಸದವರೆಲ್ಲ ಕುಡಿದವರಂತೆ ಮುಗ್ಗರಿಸಿದರು. ಮಧ್ಯಾಹ್ನದ ಹೊತ್ತಿಗೆ ದಡದ ಪಾಚಿ ನಾರತೊಡಗಿತು; ಇಷ್ಟು ವರ್ಷ ಎಲ್ಲಿದ್ದವೋ, ನೊಣ, ಸೊಳ್ಳೆಗಳೆಲ್ಲ ರಜೆಗೆ ಬಂದಿಳಿದವು.

ಮೇಷ್ಟ್ರು ಮೈ ಕೆರೆದುಕೊಳ್ಳುತ್ತ ನೇರ ಕೌಂಟರಿನ ಪಕ್ಕ ನಿಂತಿದ್ದ ಮ್ಯಾನೇಜರ್ ಹತ್ತಿರ ಬಂದರು. ಅತ್ತಿಗೆ ಲಾಂಡ್ರಿಗೆ ಹೊರಡಲು ಆಗಲೇ ಬ್ಯಾಗು ಎತ್ತಿಕೊಂಡರಂತೆ.

"ಈಯಮ್ಮ ಹೇಳಿದ ಹಾಗೇ ಆಯ್ತು ಕಣ್ರೀ" ಎಂದರು ಮೇಷ್ಟ್ರು. "ಇಂಥ ಸತ್ಯವಂತರು ಸಿಗಲ್ಲ, ಈ ಕುರ್ಚಿಯಿಂದ ಎಬ್ಬಿಸಬೇಡಿ. ಅಮ್ಮಾ, ಆ ಗಾಳಿ ವಾಪಸ್ ಯಾವಾಗ ಬರತ್ತೆ, ಅದನ್ನೂ ಹೇಳಿಬಿಡಿ."

"ನಾಳೆ ಸರ್."

ಮ್ಯಾನೇಜರ್ ಲಾಂಡ್ರಿಯ ಮಾತು ನುಂಗಿಕೊಂಡು, ಕೌಂಟರಿನ ಮೇಲೆ "ಹವಾಮಾನ ವಿಚಾರಿಸಿ" ಎಂಬ ಬೋರ್ಡು ನೇತುಹಾಕಿಸಿದರು. ಮರುದಿನ ಬೆಳಿಗ್ಗೆಯೇ ಅದು ಹಾರಿ ಈಜುಕೊಳಕ್ಕೆ ಬಿತ್ತು.

ಸಂಜೆ ನಾನು ಕೆಲಸಕ್ಕೆ ಹೊರಟಾಗ ಕಿಟಕಿ ಗಡಗಡ ಅನ್ನುತ್ತಿತ್ತು. ಸತ್ಯವಂತರ ಸೊಂಟದ ಮೇಲೆ ನನ್ನ ಮಗಳು ಆಗಲೇ ನಿದ್ದೆ ಹೋಗಿದ್ದಳು.